ಸೀಸನ್ ನಡುವೆ ಜಿಮ್ ಬಿಡಬೇಡಿ

ಕ್ರೀಡಾಪಟುಗಳೆ, ತರಬೇತುದಾರರೆ,

ನಾನು ಓಡುತ್ತಿದ್ದ ಕಾಲದಲ್ಲಿ ಬಲತೊಡೆಯ ಹಿಂಭಾಗದ ಸ್ನಾಯು, ನಾವೆಲ್ಲ ಹ್ಯಾಮ್‌ಸ್ಟ್ರಿಂಗ್ ಅನ್ನುತ್ತೇವಲ್ಲ, ಅದು ಮೂರು ಸಲ ಹರಿಯಿತು. ಮೂರು ಸಲವೂ ಸ್ಪರ್ಧೆಗಳ ತಿಂಗಳಲ್ಲೇ. ದಿನಾ ಸ್ಟ್ರೆಚಿಂಗ್ ಮಾಡುತ್ತಿದ್ದೆ, ವಾರ್ಮ್‌ಅಪ್ ತಪ್ಪಿಸಿದವನಲ್ಲ. ಆದರೆ ಸೀಸನ್ ಶುರುವಾಯಿತು ಅಂದರೆ ಜಿಮ್ಮಿನ ಕಡೆ ತಲೆ ಹಾಕುತ್ತಿರಲಿಲ್ಲ. ಈಗ ಭಾರ ಎತ್ತಿದರೆ ಕಾಲು ಭಾರವಾಗುತ್ತದೆ, ವೇಗ ಹೋಗುತ್ತದೆ ಅಂತ ನಾವೆಲ್ಲ ನಂಬಿದ್ದೆವು. ಆ ನಂಬಿಕೆ ಇನ್ನೂ ಸತ್ತಿಲ್ಲ. ಅದಕ್ಕೇ ಇವತ್ತು ಇಲ್ಲಿ ನಿಂತಿದ್ದೇನೆ.

ಮೊದಲು ಈ ‘ಭಾರವಾಗುವ’ ಭಯದ ಮಾತು. ಬಾರ್ ಹಿಡಿದ ಮೊದಲ ಕೆಲವು ವಾರಗಳಲ್ಲಿ ಶಕ್ತಿ ಸರಸರ ಏರುತ್ತದೆ, ತೊಡೆಯ ಸುತ್ತಳತೆ ಮಾತ್ರ ಹೆಚ್ಚೇನೂ ಬದಲಾಗುವುದಿಲ್ಲ. ಮೊರಿಟಾನಿ ಮತ್ತು ಡಿವ್ರೀಸ್ ಎಂಬ ಸಂಶೋಧಕರು 1979ರಲ್ಲೇ ಇದನ್ನು ತೋರಿಸಿದರು: ಮೊದಮೊದಲಿನ ಏರಿಕೆಯ ದೊಡ್ಡ ಪಾಲು ನರಮಂಡಲದ್ದು. ಇರುವ ಸ್ನಾಯುವನ್ನೇ ಹೆಚ್ಚು ಪೂರ್ತಿಯಾಗಿ, ಹೆಚ್ಚು ಬೇಗ ಕೆಲಸಕ್ಕೆ ಹಚ್ಚುವುದನ್ನು ಮೆದುಳು ಕಲಿಯುತ್ತದೆ. ಗಾತ್ರ ಹೆಚ್ಚುವುದು ಆಮೇಲೆ, ಅದೂ ನಿಧಾನವಾಗಿ.

ದೂರದ ಓಟಗಾರರಿಗೆ ಇದು ಇನ್ನೂ ಮುಖ್ಯ. ಫಿನ್ಲೆಂಡಿನ ಪಾವೊಲೈನೆನ್ ಮತ್ತು ಜೊತೆಗಾರರು 1999ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಓಟಗಾರರ ಒಂದು ಗುಂಪು 9 ವಾರ ತನ್ನ ಅಭ್ಯಾಸದ ಸುಮಾರು ಮೂರನೇ ಒಂದು ಭಾಗವನ್ನು ಜಿಗಿತ, ಸ್ಪ್ರಿಂಟ್ ಮತ್ತು ವೇಗದ ಭಾರದ ವ್ಯಾಯಾಮಗಳಿಗೆ ಕೊಟ್ಟಿತು. ಇನ್ನೊಂದು ಗುಂಪು ಹೆಚ್ಚಾಗಿ ಓಟದ ಅಭ್ಯಾಸವನ್ನೇ ಮಾಡಿತು. ಒಟ್ಟು ಅಭ್ಯಾಸ ಎರಡೂ ಗುಂಪಿಗೆ ಅಷ್ಟೇ. ಕೊನೆಗೆ 5 ಕಿ.ಮೀ. ಓಟದ ಸಮಯ ಇಳಿದದ್ದು ಈ ಗುಂಪಿನದು. ಅಚ್ಚರಿ ಏನೆಂದರೆ, ಆಮ್ಲಜನಕ ಬಳಸುವ ಅವರ ಗರಿಷ್ಠ ಸಾಮರ್ಥ್ಯ ಹೆಚ್ಚಿರಲಿಲ್ಲ. ಅದೇ ವೇಗಕ್ಕೆ ಕಡಿಮೆ ಶಕ್ತಿ ಖರ್ಚು ಮಾಡುವುದನ್ನು ಅವರ ಕಾಲು ಕಲಿತಿತ್ತು.

ಈಗ ಹ್ಯಾಮ್‌ಸ್ಟ್ರಿಂಗ್‌ಗೆ ಬರೋಣ. ಇದರ ಮೇಲೆ ನಾನು ಸ್ವಲ್ಪ ಹೆಚ್ಚೇ ಹೊತ್ತು ನಿಲ್ಲುತ್ತೇನೆ, ಸಹಿಸಿಕೊಳ್ಳಿ.

ಜೋರಾಗಿ ಓಡುವಾಗ ಕಾಲು ಮುಂದಕ್ಕೆ ಬೀಸಿ ಬರುತ್ತದೆ. ಪಾದ ನೆಲ ಮುಟ್ಟುವ ಸ್ವಲ್ಪ ಮೊದಲು, ಮೊಣಕಾಲಿನ ಕೆಳಗಿನ ಭಾಗ ಹಾರಿಹೋಗದ ಹಾಗೆ ತಡೆಯುವ ಕೆಲಸ ಹ್ಯಾಮ್‌ಸ್ಟ್ರಿಂಗ್‌ನದು. ಅಂದರೆ ಅದು ಉದ್ದವಾಗುತ್ತಲೇ ಬಲ ಹಾಕಬೇಕು. ಜಗ್ಗುತ್ತಿರುವ ಹಗ್ಗವನ್ನು ಬಿಡದೆ ಹಿಡಿದು ನಿಂತ ಹಾಗೆ. ಓಡುವಾಗ ಈ ಸ್ನಾಯು ಹರಿಯುವ ಅಪಾಯ ಈ ಕ್ಷಣದಲ್ಲೇ ಹೆಚ್ಚು. ನಾನು ಮಾಡುತ್ತಿದ್ದ ಸ್ಟ್ರೆಚಿಂಗ್ ಆ ಸ್ನಾಯುವನ್ನು ಸಡಿಲ ಮಾಡುತ್ತಿತ್ತೇ ಹೊರತು, ಉದ್ದವಾಗುತ್ತಾ ಬಲ ಹಾಕುವುದನ್ನು ಕಲಿಸುತ್ತಿರಲಿಲ್ಲ.

ಕಲಿಸುವ ವ್ಯಾಯಾಮ ಇದೆ, ಅದಕ್ಕೆ ಯಂತ್ರವೂ ಬೇಡ. ನಾರ್ಡಿಕ್ ಹ್ಯಾಮ್‌ಸ್ಟ್ರಿಂಗ್ ಅನ್ನುತ್ತಾರೆ. ಮಂಡಿಯೂರಿ ನೆಟ್ಟಗೆ ನಿಲ್ಲಿ, ಜೊತೆಗಾರ ನಿಮ್ಮ ಹಿಮ್ಮಡಿಗಳನ್ನು ಒತ್ತಿ ಹಿಡಿಯಲಿ. ಸೊಂಟ ಬಗ್ಗಿಸದೆ, ಮಂಡಿಯಿಂದ ತಲೆಯವರೆಗೆ ಒಂದೇ ಗೆರೆಯಲ್ಲಿ, ಆದಷ್ಟು ನಿಧಾನವಾಗಿ ಮುಂದಕ್ಕೆ ಬಾಗಿ. ತಡೆಯಲಾಗದೆ ಬೀಳುವಾಗ ಕೈ ಊರಿ, ಕೈಯಿಂದಲೇ ತಳ್ಳಿಕೊಂಡು ಮೇಲೆ ಬನ್ನಿ. ಬೆಲೆ ಇರುವುದು ಇಳಿಯುವುದಕ್ಕೆ, ಏರುವುದಕ್ಕಲ್ಲ.

2011ರಲ್ಲಿ ಡೆನ್ಮಾರ್ಕಿನ 50 ಫುಟ್‌ಬಾಲ್ ತಂಡಗಳ 942 ಆಟಗಾರರ ಮೇಲೆ ನಡೆದ ಪರೀಕ್ಷೆ ಪ್ರಕಟವಾಯಿತು. ತಂಡಗಳನ್ನು ಚೀಟಿ ಎತ್ತಿದ ಹಾಗೆ ಎರಡು ಭಾಗ ಮಾಡಿದರು. ಒಂದು ಭಾಗ ತನ್ನ ಎಂದಿನ ಅಭ್ಯಾಸದ ಜೊತೆಗೆ ಇದೊಂದನ್ನು ಸೇರಿಸಿತು. ಹ್ಯಾಮ್‌ಸ್ಟ್ರಿಂಗ್ ಗಾಯಗಳು ಸೇರಿಸದವರಲ್ಲಿ 52, ಸೇರಿಸಿದವರಲ್ಲಿ 15. ಈ ಎರಡು ಅಂಕಿ ಮೊದಲ ಸಲ ಓದಿದ ದಿನ ನನಗೆ ನನ್ನ ಮೂರು ಸೀಸನ್‌ಗಳು ನೆನಪಾದವು. ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ಹಾಗಾದರೆ ಎಲ್ಲರೂ ಮಾಡುತ್ತಿದ್ದಾರಾ? ಇಲ್ಲ. ಯುರೋಪಿನ ದೊಡ್ಡ ಫುಟ್‌ಬಾಲ್ ಕ್ಲಬ್‌ಗಳನ್ನು ಕೇಳಿ ನೋಡಿದ 2015ರ ಅಧ್ಯಯನದಲ್ಲಿ ಹೆಚ್ಚಿನವು ಈ ಕ್ರಮವನ್ನು ಪೂರ್ತಿಯಾಗಿ ಅನುಸರಿಸುತ್ತಿರಲಿಲ್ಲ. ವಿಜ್ಞಾನ ಗೊತ್ತಿದ್ದರೆ ಸಾಲದು, ವಾರದ ವೇಳಾಪಟ್ಟಿಯಲ್ಲಿ ಅದಕ್ಕೆ ಜಾಗ ಬೇಕು.

ಆ ಜಾಗ ಎಷ್ಟು ಚಿಕ್ಕದಾದರೂ ಸಾಕು ಅನ್ನುವುದಕ್ಕೆ ನಾರ್ವೆಯ ವೃತ್ತಿಪರ ಫುಟ್‌ಬಾಲ್ ಆಟಗಾರರ ಮೇಲೆ ರೋನ್ನೆಸ್ಟಾಡ್ ಮತ್ತು ಸಂಗಡಿಗರು ಮಾಡಿದ ಕೆಲಸ ನೋಡಿ. ಸೀಸನ್‌ಗೆ ಮೊದಲು 10 ವಾರ, ವಾರಕ್ಕೆ ಎರಡು ಸಲ ಎಲ್ಲರೂ ಭಾರದ ಅಭ್ಯಾಸ ಮಾಡಿ ಶಕ್ತಿ ಗಳಿಸಿದರು. ಸೀಸನ್‌ನ ಮೊದಲ 12 ವಾರದಲ್ಲಿ ಅರ್ಧ ಜನ ವಾರಕ್ಕೊಮ್ಮೆ, ಇನ್ನರ್ಧ ಎರಡು ವಾರಕ್ಕೊಮ್ಮೆ. ವಾರಕ್ಕೊಮ್ಮೆ ಮಾಡಿದವರು ಗಳಿಸಿದ್ದನ್ನು ಉಳಿಸಿಕೊಂಡರು. ಎರಡು ವಾರಕ್ಕೊಮ್ಮೆ ಮಾಡಿದವರ ಕಾಲಿನ ಬಲವೂ ಇಳಿಯಿತು, 40 ಮೀಟರ್ ಓಟವೂ ನಿಧಾನವಾಯಿತು. ಪೂರ್ತಿ ಬಿಟ್ಟವರ ಗತಿ ನೀವೇ ಊಹಿಸಿ. ವೇಗ ಉಳಿಸಿಕೊಳ್ಳಲೆಂದು ಜಿಮ್ ಬಿಡುತ್ತಿದ್ದ ನಾವು, ಆ ವೇಗವನ್ನೇ ಕಳೆದುಕೊಳ್ಳುತ್ತಿದ್ದೆವು.

ತರಬೇತುದಾರರು ಮೈನೋವಿನ ಬಗ್ಗೆ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಉದ್ದವಾಗುತ್ತಾ ಬಲ ಹಾಕುವ ವ್ಯಾಯಾಮ ಹೊಸಬರಿಗೆ ಒಂದೆರಡು ದಿನ ಬಿಟ್ಟು ಜೋರಾಗಿ ನೋಯಿಸುತ್ತದೆ. ಆದ್ದರಿಂದ ಪಂದ್ಯಗಳ ಮಧ್ಯೆ ಇದನ್ನು ದಿಢೀರ್ ಶುರು ಮಾಡಬೇಡಿ, ಬಿಡುವಿನ ತಿಂಗಳಲ್ಲೇ ಶುರು ಮಾಡಿ. ಭಾರವನ್ನು ಹಂತಹಂತವಾಗಿ ಏರಿಸುವ ಕ್ರಮವನ್ನು ಎರಡನೇ ಮಹಾಯುದ್ಧದ ಗಾಯಾಳು ಸೈನಿಕರಿಗೆ ಚಿಕಿತ್ಸೆ ಕೊಡುವಾಗ ಅಮೆರಿಕದ ವೈದ್ಯ ಥಾಮಸ್ ಡಿಲಾರ್ಮ್ ವೈದ್ಯಕೀಯಕ್ಕೆ ತಂದು, 1945ರಲ್ಲಿ ಬರೆದಿಟ್ಟರು. ಇಲ್ಲಿಯೂ ಅದೇ ಕ್ರಮ. ಡೆನ್ಮಾರ್ಕಿನ ತಂಡಗಳು ಮೊದಲ ವಾರ ಮಾಡಿದ್ದು ಒಂದೇ ದಿನ: 5ರಂತೆ 2 ಸೆಟ್, ಅಂದರೆ ಸತತವಾಗಿ 5 ಸಲ ಇಳಿದರೆ ಒಂದು ಸೆಟ್, ಅಂಥವು ಎರಡು. ಎರಡನೇ ವಾರ ಎರಡು ದಿನ, 6ರಂತೆ 2 ಸೆಟ್. ಮೂರನೇ ವಾರದಿಂದ ಮೂರು ದಿನ, 3 ಸೆಟ್. 10 ವಾರ ಮುಗಿದ ಮೇಲೆ ವಾರಕ್ಕೆ ಒಂದೇ ದಿನ. ಆ ಒಂದು ದಿನವನ್ನು ಪಂದ್ಯದ ಹಿಂದಿನ ದಿನಕ್ಕೆ ಇಡಬೇಡಿ. ವಾರದ ಮೊದಲ ಭಾಗದಲ್ಲಿ, ಮೈದಾನದ ಅಭ್ಯಾಸ ಮುಗಿದ ಮೇಲೆ, ಎಲ್ಲರೂ ಸೇರಿರುವಾಗಲೇ ಮಾಡಿಸಿಬಿಡಿ. ಜೊತೆಗಾರನ ಹಿಮ್ಮಡಿ ಹಿಡಿಯಲು ಇನ್ನೊಬ್ಬ ಅಲ್ಲೇ ಇರುತ್ತಾನೆ.

ಬನ್ನಿ, ಇಬ್ಬಿಬ್ಬರಾಗಿ ನಿಲ್ಲಿ, ಮೊದಲ ಸೆಟ್ ಇಲ್ಲೇ ಮಾಡಿ ನೋಡೋಣ.