ಜಮ್ಶೆಡ್‌ಪುರ: ಕುಲುಮೆ ಹಾಕಿದ ತಾಳಕ್ಕೆ ನಡೆಯುವ ಊರು

ಮ್ಯಾಪ್‌ನಲ್ಲಿ ಹುಡುಕುವಾಗ ಜಮ್ಶೆಡ್‌ಪುರ, ರೈಲು ಟಿಕೆಟ್ ಮಾಡಿಸುವಾಗ ಟಾಟಾನಗರ. ಎರಡೂ ಒಂದೇ ಊರು, ಜಾರ್ಖಂಡ್‌ನಲ್ಲಿ ಟಾಟಾ ಉಕ್ಕಿನ ಕಾರ್ಖಾನೆಯ ಸುತ್ತ ಬೆಳೆದದ್ದು. ಮೊದಲು ಇದು ಸಾಕ್ಚಿ ಅನ್ನೋ ಹಳ್ಳಿ, ಸ್ಟೇಷನ್ ಹೆಸರು ಕಾಲಿಮಾಟಿ. 1919ರಲ್ಲಿ ವೈಸ್‌ರಾಯ್ ಚೆಮ್ಸ್‌ಫರ್ಡ್ ಬಂದು ಕಾರ್ಖಾನೆಯ ಕನಸು ಕಂಡ ಜಮ್ಶೆಟ್‌ಜಿ ಟಾಟಾ ಹೆಸರಿಟ್ಟರು. ಸ್ಟೇಷನ್ನಿಂದ ಹೊರಬಿದ್ದು ಜುಗ್ಸಲಾಯಿಯ ಇಕ್ಕಟ್ಟು ನೋಡಿ ‘ಇದೇನಾ ನಕ್ಷೆ ಹಾಕಿ ಕಟ್ಟಿದ ಊರು’ ಅನ್ನಬೇಡಿ. ಅದು ಬೇರೆ ಪುರಸಭೆ. ಬಿಷ್ಟುಪುರದ ಕಡೆ ಹೊರಳಿದ ಮೇಲೆ ರಸ್ತೆ ಅಗಲ ಆಗುತ್ತೆ, ಮರಗಳ ಸಾಲು ಶುರುವಾಗುತ್ತೆ.

ಊರಿನ ಸೋನಾರಿ ಬಡಾವಣೆಯಲ್ಲಿ ದೋಮುಹಾನಿ ಇದೆ. ಸುವರ್ಣರೇಖಾ, ಖರಕಾಯಿ ನದಿ ಎರಡೂ ಕೂಡೋ ಜಾಗ. ಕಾರ್ಖಾನೆ ಇಲ್ಲೇ ಬಂದದ್ದಕ್ಕೆ ಕಾರಣ ಈ ನೀರು. ದಕ್ಷಿಣಕ್ಕೆ ಗೋರುಮಹಿಸಾನಿಯ ಅದಿರು, ಉತ್ತರಕ್ಕೆ ಝರಿಯಾದ ಕಲ್ಲಿದ್ದಲು, ಪಕ್ಕದಲ್ಲೇ ರೈಲು ಹಳಿ. ಅದಿರನ್ನೂ ಕಲ್ಲಿದ್ದಲನ್ನೂ ವ್ಯಾಗನ್‌ನಲ್ಲಿ ತರಬಹುದು, ಉಕ್ಕಿಗೆ ಬೇಕಾದಷ್ಟು ನೀರನ್ನು ಹಾಗೆ ತರೋಕಾಗಲ್ಲ.

ಅಷ್ಟು ನೀರು ಯಾಕೆ ಅಂತ ತಿಳಿಯೋಕೆ ಬ್ಲಾಸ್ಟ್ ಫರ್ನೇಸ್, ಅಂದರೆ ಅದಿರಿನಿಂದ ಕಬ್ಬಿಣ ಕರಗಿಸೋ ದೊಡ್ಡ ಕುಲುಮೆ, ನೋಡಬೇಕು. ಒಂದು ಟನ್ ಕಬ್ಬಿಣಕ್ಕೆ ಹತ್ತಿರಹತ್ತಿರ 1.6 ಟನ್ ಅದಿರು. ಕೋಕ್ (ಗಾಳಿ ತಾಗದಂತೆ ಕಾಯಿಸಿದ ಕಲ್ಲಿದ್ದಲು) ಮತ್ತು ಪುಡಿ ಕಲ್ಲಿದ್ದಲು ಸೇರಿ ಅರ್ಧ ಟನ್ನಿಗೂ ಮಿಕ್ಕಿ. ಮೇಲಿಂದ ಇವನ್ನು ಪದರ ಪದರವಾಗಿ ಸುರೀತಾರೆ, ಕೆಳಗಿಂದ ಬಿಸಿಗಾಳಿ ಊದುತ್ತಾರೆ. ಬುಡದಲ್ಲಿ ಕಬ್ಬಿಣ ಹೊರಬಿಡೋ ತೂತು, ಟ್ಯಾಪ್ ಹೋಲ್‌ಗೆ ಜೇಡಿಮಣ್ಣಿನ ಬಿರಡೆ ಇರುತ್ತೆ. ಅದನ್ನು ಡ್ರಿಲ್‌ನಿಂದ ಕೊರೆದರೆ ಸುಮಾರು 1500 ಡಿಗ್ರಿಯ ಕಬ್ಬಿಣ ಕಾಲುವೆಗೆ ಇಳಿಯುತ್ತೆ. ಹಗುರವಾದ ಕಿಟ್ಟ (ಸ್ಲ್ಯಾಗ್) ಮೇಲೆ ತೇಲಿ ಬೇರೆ ದಾರಿ ಹಿಡಿಯುತ್ತೆ, ಆಮೇಲೆ ಸಿಮೆಂಟಿಗೆ ಹೋಗುತ್ತೆ. ಕಬ್ಬಿಣ ಟಾರ್ಪಿಡೊ ಲ್ಯಾಡಲ್ ಅನ್ನೋ ಉದ್ದನೆಯ ಪಾತ್ರೆಯಲ್ಲಿ ಹಳಿ ಮೇಲೆ ಉಕ್ಕಿನ ಶಾಪ್ ಕಡೆ ಹೊರಡುತ್ತೆ. ಕುಲುಮೆಯ ಗೋಡೆಯೊಳಗೆ ತಂಪು ನೀರು ಎಡೆಬಿಡದೆ ಹರೀಬೇಕು. ನಿಂತರೆ ಗೋಡೆ ಸುಟ್ಟು ತೂತಾಗುತ್ತೆ. ಆ ನೀರು ಸೋರಿ ಕರಗಿದ ಕಬ್ಬಿಣದ ಅಡಿಗೆ ಸಿಕ್ಕಿಬಿದ್ದರೆ ಸ್ಫೋಟ. ಬೆಂಕಿ ಆರಿಸಿ ನಾಳೆ ಹಚ್ಚೋಣ ಅನ್ನೋ ಹಾಗೂ ಇಲ್ಲ. ತಳದಲ್ಲಿರೋ ಕಬ್ಬಿಣ ಹೆಪ್ಪುಗಟ್ಟಿ ಬಂಡೆಯಾಗಿಬಿಡುತ್ತೆ.

ಅದಕ್ಕೇ ಮೂರು ಶಿಫ್ಟ್. ಎ ಶಿಫ್ಟ್ ಬೆಳಿಗ್ಗೆ ಆರಕ್ಕೆ, ಬಿ ಮಧ್ಯಾಹ್ನ ಎರಡಕ್ಕೆ, ಸಿ ರಾತ್ರಿ ಹತ್ತಕ್ಕೆ. ರಾತ್ರಿ ಹತ್ತಕ್ಕೆ ಹೊರಡೋನಿಗೆ ಮನೆ ಗೇಟಿನ ಹತ್ತಿರವೇ ಇರಬೇಕಲ್ವಾ? ಕ್ವಾರ್ಟರ್ಸ್ ಕಾರ್ಖಾನೆಗೆ ಅಂಟಿಕೊಂಡಂತೆ ಇರೋದು ಇದೇ ಲೆಕ್ಕದಲ್ಲಿ.

ಅಗಲ ರಸ್ತೆ, ನೆರಳಿನ ಮರ, ಆಟದ ಮೈದಾನ, ದೇವಸ್ಥಾನ, ಮಸೀದಿ, ಚರ್ಚಿಗೆ ಜಾಗ ಬಿಡಬೇಕು ಅಂತ ಜಮ್ಶೆಟ್‌ಜಿ 1902ರಲ್ಲೇ ಮಗ ದೊರಾಬ್ಜಿಗೆ ಪತ್ರ ಬರೆದಿದ್ದರು. ಮೊದಲ ಉಕ್ಕು ಬಂದದ್ದು 1912ರಲ್ಲಿ. ಆದರೆ ಒಂದೇ ನಕ್ಷೆಯಲ್ಲಿ ಮುಗಿದ ಊರಲ್ಲ ಇದು. ಮೊದಲದ್ದು ಅಮೆರಿಕದ ಇಂಜಿನಿಯರುಗಳ ಚೌಕುಳಿ. ಮೊದಲ ಮಹಾಯುದ್ಧದ ನಂತರ ಕಾರ್ಖಾನೆ ದೊಡ್ಡದಾಯ್ತು, ಟೆಂಪಲ್ ಅನ್ನೋ ಇಂಜಿನಿಯರ್ ಹೊಸ ನಕ್ಷೆ ಹಾಕಿದ. 1930ರ ದಶಕದಲ್ಲಿ ಸ್ಟೋಕ್ಸ್ ಅನ್ನೋನ ನಕ್ಷೆ. 1940ರ ದಶಕದಲ್ಲಿ ಒಟ್ಟೊ ಕೋನಿಗ್ಸ್‌ಬರ್ಗರ್. ನಾಜಿ ಜರ್ಮನಿ ಬಿಟ್ಟು ಬಂದು ಮೈಸೂರು ಸರ್ಕಾರದ ವಾಸ್ತುಶಿಲ್ಪಿಯಾಗಿದ್ದವರು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇವರ ಕಟ್ಟಡಗಳಿವೆ. ಶಾಲೆ, ಅಂಗಡಿ ನಡಿಗೆಯ ದೂರದಲ್ಲೇ ಸಿಗುವ ಬಡಾವಣೆ ಇವರ ಯೋಚನೆ. ಪ್ರತಿ ಸಲವೂ ಮೊದಲು ಬೆಳೆದದ್ದು ಕಾರ್ಖಾನೆ, ನಕ್ಷೆ ಹಿಂದಿನಿಂದ ಓಡಿ ಬಂದದ್ದು.

ನಕ್ಷೆ ಲೆಕ್ಕ ಹಾಕಿದ್ದು ನೌಕರರನ್ನು. ಅವರ ಹಿಂದೆ ಬಂದ ತರಕಾರಿಯವರು, ಗಾರೆಯವರು, ಗುತ್ತಿಗೆ ಕೂಲಿಗಳು ಎಲ್ಲಿರಬೇಕು? ಅದರ ಉತ್ತರ ಬಸ್ತಿ. ಇಲ್ಲಿಯ ರಾಜಕೀಯದಲ್ಲಿ ‘86 ಬಸ್ತಿ’ ಅಂದರೆ ಸಾಕು, ಬಸ್ತಿಯವರ ಜಾಗದ ಮಾಲೀಕತ್ವದ ಹಕ್ಕಿನ ವಿಷಯ ಅಂತ ಎಲ್ಲರಿಗೂ ಗೊತ್ತು. ಕಂಪನಿಯ ಪ್ರದೇಶದಲ್ಲಿ ನೀರು, ಕರೆಂಟು, ಕಸ ಎಲ್ಲ ನೋಡೋದು ಟಾಟಾದ್ದೇ ಸಂಸ್ಥೆ. 2004ರಲ್ಲಿ ಜುಸ್ಕೊ ಅಂತ ಶುರುವಾಯ್ತು, ಹೆಸರು ಬದಲಾದರೂ ಜನ ಈಗಲೂ ಜುಸ್ಕೊ ಅಂತಾರೆ. ಸುವರ್ಣರೇಖಾ ದಾಟಿ ಮಾಂಗೊಗೆ ಹೋದರೆ ಈ ವ್ಯವಸ್ಥೆ ಹಿಂದೆಯೇ ಉಳಿಯುತ್ತೆ. ಮಾದರಿ ನಗರ ಅಂತ ಹೊಗಳೋರು ಸೇತುವೆಯ ಆ ಬದಿಗೂ ಒಮ್ಮೆ ಹೋಗಿಬರಲಿ ಅನ್ಸುತ್ತೆ.

ಖರಕಾಯಿ ಆಚೆ ಆದಿತ್ಯಪುರ, ಬೇರೆ ಜಿಲ್ಲೆ. ಲಾರಿಗಳ ಬಿಡಿಭಾಗ ಮಾಡೋ ಸಣ್ಣ ಕಾರ್ಖಾನೆಗಳ ಜಾಗ. ಲಾರಿಗೆ ಬೇಡಿಕೆ ಕುಸಿದರೆ ಜಮ್ಶೆಡ್‌ಪುರದ ಟಾಟಾ ಮೋಟಾರ್ಸ್ ಲಾರಿ ಕಾರ್ಖಾನೆ ಕೆಲವು ದಿನ ‘ಬ್ಲಾಕ್ ಕ್ಲೋಷರ್’, ಅಂದರೆ ಬಾಗಿಲು ಮುಚ್ಚೋದು, ಘೋಷಿಸುತ್ತೆ, ಆಗ ಆದಿತ್ಯಪುರದಲ್ಲಿ ಲೋಹ ಒತ್ತೋ ಪ್ರೆಸ್‌ ಯಂತ್ರಗಳು ನಿಲ್ಲುತ್ತವೆ. ಕಾಯಂ ನೌಕರನಿಗೆ ಅದು ರಜೆ, ದಿನಗೂಲಿಯವನಿಗೆ ಸಂಬಳ ಖೋತಾ.

ಬರೋರಿಗೆ ಒಂದಿಷ್ಟು: ಕಾರ್ಖಾನೆ ಒಳಗೆ ಅನುಮತಿ ಇಲ್ಲದೆ ಕ್ಯಾಮೆರಾ ತೆಗೀಬೇಡಿ. ಜುಬಿಲಿ ಪಾರ್ಕ್ ನಮ್ಮ ಬೃಂದಾವನದ ಮಾದರಿಯದು, 1958ರಲ್ಲಿ ನೆಹರು ಉದ್ಘಾಟಿಸಿದ್ದು. ಮಾರ್ಚ್ 3, ಸಂಸ್ಥಾಪಕರ ದಿನ, ಆಗ ದೀಪಾಲಂಕಾರ ಇರುತ್ತೆ; ಜನಜಂಗುಳಿಯೂ ಅಷ್ಟೇ. ಮಳೆಗಾಲದಲ್ಲಿ ಚಾಂಡಿಲ್ ಅಣೆಕಟ್ಟಿನ ಗೇಟು ತೆಗೆದ ಸುದ್ದಿ ಬಂದರೆ ನದಿದಂಡೆಯ ತಗ್ಗು ಬಡಾವಣೆಗಳ ಕಡೆ ಹೋಗಬೇಡಿ. ಡಿಮ್ನಾ ಕೆರೆ, ದಲ್ಮಾ ಬೆಟ್ಟ ನೋಡೋರು ಮಾಂಗೊ ಸೇತುವೆಯನ್ನು ಬೆಳಿಗ್ಗೆ ಬೇಗ ದಾಟಿಬಿಡಿ. ಸಂಜೆ ಆ ಸೇತುವೆ ಮೇಲೆ ಸಿಕ್ಕಿಕೊಂಡರೆ ಆಟೊದಿಂದ ಇಳಿದು ನಡೆಯೋದೇ ವಾಸಿ.