ವಿಲ್ಲೋ ಗಿಡಕ್ಕೂ ಚಾಟ್ನಿ ಬೇಕು

ನಮಸ್ಕಾರ ಕೇಳುಗರೇ. ವಿಲ್ಲೋ ಗಿಡದ ಬಗ್ಗೆ ಮಾತಾಡಿ ಅಂದರು, ಬಂದಿದ್ದೇನೆ. ನರ್ಸರಿಯಲ್ಲಿ ಜೋತಾಡುವ ಟೊಂಗೆ ನೋಡಿ ಮನಸೋತು ಒಂದು ಸಸಿ ತಂದು ನೆಟ್ಟು, ಮೂರನೇ ವರ್ಷ "ಇದೇನ್ರೀ, ಮೇಲೆ ಮೇಲೆ ಹೋಯಿತು, ಬುಡ ಎಲ್ಲಾ ಬೋಳಾಯಿತು" ಅಂತ ಕೇಳುವವರು ಇದ್ದೀರಲ್ಲ, ಇವತ್ತಿನ ಮಾತು ನಿಮಗೇ. ಉತ್ತರ ಈಗಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಚಹಾ ಇಡಲು ಎದ್ದು ಹೋದರೂ ಅಡ್ಡಿಯಿಲ್ಲ. ಕಡಿಯಿರಿ. ವರ್ಷಕ್ಕೊಂದು ಸಲ, ನೆಲದಿಂದ ಒಂದು ಅಡಿ ಬಿಟ್ಟು, ಎಲ್ಲಾ ಟೊಂಗೆ.

ಅಥಣಿ, ವಿಜಯಪುರ ಕಡೆಯ ದ್ರಾಕ್ಷಿ ಬೆಳೆಗಾರರು ಏಪ್ರಿಲ್‌ನಲ್ಲೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ ಚಾಟ್ನಿ, ಅಂದರೆ ಟೊಂಗೆ ಸವರುವ ಕೆಲಸ, ಮಾಡುತ್ತಾರೆ. ಆಗ ಯಾರಾದರೂ ಅಯ್ಯೋ ಪಾಪ ಅನ್ನುತ್ತಾರಾ? ಮನೆ ಮುಂದಿನ ಗಿಡ ಅಂದ ಕೂಡಲೇ ಮಾತ್ರ ಎಲ್ಲರಿಗೂ ಕರುಣೆ ಉಕ್ಕುತ್ತದೆ.

ನಮ್ಮಕ್ಕನ ಕಥೆ ಹೇಳುತ್ತೇನೆ. ಬೆಳಗಾವಿಯ ಟಿಳಕವಾಡಿಯಲ್ಲಿ ಮನೆ. ಹಿತ್ತಲಲ್ಲಿ ಬಚ್ಚಲ ನೀರು ಹೋಗುವ ಕಡೆ ಒಂದು ವಿಲ್ಲೋ ನೆಟ್ಟಿದ್ದಳು. ನೀರು ಅಂದರೆ ಇದಕ್ಕೆ ಪ್ರಾಣ, ಹಾಗಾಗಿ ಎರಡೇ ಮಳೆಗಾಲಕ್ಕೆ ಮಾಳಿಗೆ ಮುಟ್ಟಿತು. ಬುಡದಲ್ಲಿ ಒಂದು ಎಲೆ ಇಲ್ಲ. ಕಡಿಯೋಣ ಅಂದರೆ "ಹಸೀ ಗಿಡಕ್ಕ ಕೊಡ್ಲಿ ಹಚ್ಚಬಾರದೋ ತಮ್ಮಾ" ಅಂತ ನನ್ನ ಕೈ ಹಿಡಿಯುತ್ತಿದ್ದಳು. ನಾನು ಮೂವತ್ತು ವರ್ಷ ಊರವರ ಗಿಡ ಸವರಿದವನು, ಸ್ವಂತ ಅಕ್ಕನ ಮುಂದೆ ನನ್ನ ಮಾತು ನಡೆಯಲಿಲ್ಲ. ಹಾಗೇ ಎರಡು ವರ್ಷ ಹೋಯಿತು. ಆಮೇಲೆ ಒಂದು ಭಾರತ ಹುಣ್ಣಿಮೆಗೆ, ಅಂದರೆ ಮಾಘದ ಹುಣ್ಣಿಮೆಗೆ, ಅಕ್ಕ, ಮಾವ ಇಬ್ಬರೂ ಸವದತ್ತಿ ಯಲ್ಲಮ್ಮನ ಜಾತ್ರೆಗೆ ಹೋದರು. ಮನೆ ಕೀಲಿಕೈ ನನ್ನ ಹತ್ತಿರ. ಗರಗಸ ಬ್ಯಾಗಿನಲ್ಲಿ. ಒಂದು ತಾಸಿನ ಕೆಲಸ, ಅಷ್ಟೇ. ಅಕ್ಕ ತಿರುಗಿ ಬಂದು ನೋಡುತ್ತಾಳೆ, ಮೊಣಕಾಲುದ್ದದ ಮೋಟು! "ಮುಂಜಿವಿ ಮಾಡಿದಂಗ ಬೋಳಿಸಿಟ್ಟಿಯಲ್ಲೋ" ಅಂದವಳು ನಾಲ್ಕು ವಾರ ನನ್ನ ಹತ್ತಿರ ಮಾತು ಬಿಟ್ಟಳು. ಹೋಳಿಯ ದಿನ ಫೋನ್ ಬಂತು. ಹಲೋ ಇಲ್ಲ, ಏನಿಲ್ಲ. "ಚಿಗತೈತಿ" ಅಂತ ಒಂದೇ ಮಾತು ಹೇಳಿ ಇಟ್ಟಳು. ಆ ವರ್ಷ ದಸರೆಯ ಹೊತ್ತಿಗೆ ಬುಡದಿಂದ ತುದಿತನಕ ಎಲೆ ತುಂಬಿದ ಆಳೆತ್ತರದ ಪೊದೆ. ಈಗ ಪ್ರತಿ ವರ್ಷ ಜಾತ್ರೆಗೆ ಹೋಗುವ ಮುಂಚೆ ಕತ್ತರಿ ತಾನೇ ತೆಗೆದಿಡುತ್ತಾಳೆ, "ಈ ಸಲ ಯಾಕ ತಡಾ ಮಾಡಿದಿ" ಅಂತ ನನಗೇ ಜೋರು!

ಭಾರತ ಹುಣ್ಣಿಮೆ ಯಾಕೆ ಸರಿಯಾದ ಹೊತ್ತು ಅಂದರೆ, ಆಗ ಚಳಿ ಮುಗಿಯುತ್ತಾ ಬಂದಿರುತ್ತದೆ, ಗಿಡದ ಎಲೆ ಉದುರಿ ಬಡಕಲಾಗಿರುತ್ತದೆ, ಹೊಸ ಚಿಗುರು ಇನ್ನೂ ಎದ್ದಿರುವುದಿಲ್ಲ. ಬುಡದ ತೊಗಟೆಯೊಳಗೆ ಮೊಗ್ಗು ಮಲಗಿರುತ್ತವೆ. ಮೇಲಿನ ಟೊಂಗೆ ಇರುವತನಕ ಅವು ಏಳುವುದಿಲ್ಲ, ಕಡಿದರೆ ಎದ್ದು ಬರುತ್ತವೆ. ಕೆಂಪು, ಹಳದಿ ಕಡ್ಡಿಯ ತಳಿಗಳಲ್ಲೂ ಬಣ್ಣ ಹೊಳೆಯುವುದು ಹೊಸ ಕಡ್ಡಿಯಲ್ಲೇ, ಹಳೆಯದು ಕಂದಾಗುತ್ತದೆ. ಗುಲಾಬಿ, ಬಿಳಿ ಎಲೆಯ ಹಕುರೋ ನಿಶಿಕಿ ಅಂತ ಒಂದು ಜಪಾನಿ ತಳಿ ಇದೆ, ಅದರ ಗುಲಾಬಿಯೂ ಹೊಸ ಚಿಗುರಿನದೇ. ಅದಕ್ಕೆ ಮಾತ್ರ ನಮ್ಮ ಮಧ್ಯಾಹ್ನದ ಬಿಸಿಲು ಆಗಿಬರುವುದಿಲ್ಲ, ಎಲೆಯ ಅಂಚು ಸುಡುತ್ತದೆ, ಮುಂಜಾನೆಯ ಬಿಸಿಲು ಬೀಳುವ ಜಾಗ ಕೊಡಿ.

ಕಡಿದ ಕಡ್ಡಿ ಒಲೆಗೆ ಹಾಕಬೇಡಿ. ಪೆನ್ಸಿಲ್ ದಪ್ಪದ್ದು ಆರಿಸಿ, ಗೇಣುದ್ದ ಮಾಡಿ, ಬುಡ ಕೆಳಗೆ ಬರುವಂತೆ ಮುಕ್ಕಾಲು ಭಾಗ ಮಣ್ಣಿಗೆ ಚುಚ್ಚಿ, ಮಣ್ಣು ಒಣಗಲು ಬಿಡಬೇಡಿ. ಬೇರು ಸುಲಭವಾಗಿ ಬರುತ್ತದೆ. ಇದರ ದೇಶೀ ಬಂಧು ಒಂದು ಇಲ್ಲೇ ಇದೆ. ಖಾನಾಪುರದ ಕಡೆ ಹಳ್ಳದ ದಂಡೆಯಲ್ಲಿ ಕಾಲು ನೀರಲ್ಲಿ ಇಟ್ಟುಕೊಂಡು ನಿಂತಿರುತ್ತದಲ್ಲ, ಮರಾಠಿಯವರು ವಾಳುಂಜ ಅನ್ನುತ್ತಾರೆ, ಅದು.

ಅಯ್ಯೋ, ಸಮಯ ಮುಗಿಯುತ್ತಾ ಬಂತು, ಅಕ್ಕನ ಕಥೆಯೇ ಜಾಸ್ತಿಯಾಯಿತು. ಉಳಿದದ್ದು ಓಡಿಸಿ ಹೇಳುತ್ತೇನೆ. ನೆಟ್ಟ ಮೊದಲ ವರ್ಷ ಕಡಿಯಬೇಡಿ, ಬೇರು ಊರಲಿ. ಬೇಸಿಗೆಯಲ್ಲಿ ನೀರು ತಪ್ಪಿಸಬೇಡಿ, ಬುಡಕ್ಕೆ ಕಬ್ಬಿನ ರವದಿ, ಅಂದರೆ ಒಣ ಎಲೆ, ಹೊದಿಸಿ. ಕಪ್ಪು ಎರೆಮಣ್ಣು ತೇವ ಹಿಡಿಯುತ್ತದೆ, ಚಿಂತೆಯಿಲ್ಲ. ಕೆಂಪು ಮಸಾರಿ ಮಣ್ಣು ಇದ್ದರೆ ಗೊಬ್ಬರ ಜಾಸ್ತಿ ಹಾಕಿ. ಚಿಗುರಿಗೆ ಹೇನು ಕಂಡರೆ ಬೇವಿನೆಣ್ಣೆ ಹೊಡೆಯಿರಿ. ಪೈಪು, ಗಟಾರದಿಂದ ಮಾತ್ರ ದೂರ ನೆಡಿ, ಸಂದಿ ಸಿಕ್ಕರೆ ಬೇರು ಒಳಗೆ ಹೋಗುತ್ತದೆ. ಅಕ್ಕನ ಬಚ್ಚಲು ಎರಡು ಸಲ ಕಟ್ಟಿಕೊಂಡಿತು, ಅದನ್ನು ಅವಳು ಯಾರಿಗೂ ಹೇಳುವುದಿಲ್ಲ, ಈಗ ನಾನು ಹೇಳಿಬಿಟ್ಟೆ.

ಮತ್ತೆ, ಕಡಿಯಿರಿ. ನಮಸ್ಕಾರ.