ಫಿಶ್‌ಐ ಲೆನ್ಸಿಗೆ ಜಾಸ್ತಿ ದುಡ್ಡು ಬೇಡ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಈಗ ಕ್ಯಾಮೆರಾ ಇಟ್ಟುಕೊಂಡ ಹುಡುಗ ಹುಡುಗಿಯರು ಬಹಳ ಮಂದಿ. ಕ್ಯಾಮೆರಾ ಜೊತೆ ಬಂದ ಲೆನ್ಸ್ ಕೈಗೆ ಪಳಗಿದ ಮೇಲೆ ಮುಂದೆ ಯಾವುದು ತಗೊಳ್ಳಲಿ ಅಂತ ಕೇಳುತ್ತಾರೆ. ಹೆಚ್ಚಿನವರ ಮನಸ್ಸು ಹಕ್ಕಿ ತೆಗೆಯುವ ಉದ್ದನೆಯ ಲೆನ್ಸಿನ ಮೇಲೆಯೇ ಇರುತ್ತದೆ. ಅದಕ್ಕೆ ದುಡ್ಡೂ ಹಾಗೇ ಬೇಕು. ನಾನು ಇವತ್ತು ಹೇಳಹೊರಟಿದ್ದು ಅದಕ್ಕೆ ಪೂರಾ ಉಲ್ಟಾ ಇರುವ ಲೆನ್ಸ್, ಫಿಶ್‌ಐ, ಅಂದರೆ ಮೀನಿನ ಕಣ್ಣು. ಎದುರಿನ ಬಹಳ ಅಗಲದ ನೋಟವನ್ನು ಬಾಗಿಸಿ ಒಂದೇ ಚಿತ್ರದಲ್ಲಿ ತರುವ ಲೆನ್ಸ್ ಇದು. ಅದರಲ್ಲೂ ಕೈಯಲ್ಲೇ ತಿರುಗಿಸಿ ಫೋಕಸ್ ಮಾಡುವ, ಕಡಿಮೆ ಬೆಲೆಯದು.

ನೀರೊಳಗಿನ ಮೀನಿಗೆ ಮೇಲಿನ ಲೋಕ ಹೇಗೆ ಕಾಣಬಹುದು ಅಂತ ನೋಡಲು ರಾಬರ್ಟ್ ವುಡ್ ಎಂಬ ವಿಜ್ಞಾನಿ 1906ರಲ್ಲಿ ನೀರು ತುಂಬಿದ ಕ್ಯಾಮೆರಾ ಮಾಡಿದ್ದ. 1924ರ ಹೊತ್ತಿಗೆ ರಾಬಿನ್ ಹಿಲ್ ಎಂಬಾತ ಮೋಡಗಳನ್ನು ಅಭ್ಯಾಸ ಮಾಡಲು ಇಡೀ ಆಕಾಶ ಒಂದೇ ಚಿತ್ರದಲ್ಲಿ ಬರುವ ಲೆನ್ಸ್ ಮಾಡಿದ. ಕಾಡಿನ ಮೇಲ್ಛಾವಣಿ ಎಷ್ಟು ದಟ್ಟವಾಗಿದೆ ಎಂದು ಅಳೆಯುವವರು ಇವತ್ತಿಗೂ ಫಿಶ್‌ಐ ಲೆನ್ಸನ್ನು ನೆಲದಿಂದ ಮೇಲಕ್ಕೆ ಹಿಡಿದೇ ಫೋಟೋ ತೆಗೆಯುತ್ತಾರೆ. ಮೋಡವೂ ಕಾಡೂ ನಮ್ಮಲ್ಲಿ ಬೇಕಾದಷ್ಟಿದೆ, ಅಲ್ವಾ?

ಆಟೋಫೋಕಸ್ ಇಲ್ಲದ ಲೆನ್ಸ್ ಯಾಕೆ ಬೇಕು ಅಂತ ಕೇಳುವವರಿದ್ದಾರೆ. ಬೇರೆ ಲೆನ್ಸಿನ ಮಾತಾದರೆ ನಾನೂ ಒಪ್ಪುತ್ತೇನೆ. ಫಿಶ್‌ಐನಲ್ಲಿ ಮಾತ್ರ ಲೆಕ್ಕವೇ ಬೇರೆ. 8 ಮಿಲಿಮೀಟರ್ ಲೆನ್ಸನ್ನು ಕ್ರಾಪ್ ಸೆನ್ಸರ್ ಕ್ಯಾಮೆರಾಕ್ಕೆ, ಅಂದರೆ ಚಿತ್ರ ಹಿಡಿಯುವ ಸೆನ್ಸರ್ ಚಿಕ್ಕದಿರುವ ಕ್ಯಾಮೆರಾಕ್ಕೆ ಹಾಕಿ, ಅಪರ್ಚರ್, ಅಂದರೆ ಬೆಳಕು ಬರುವ ಕಿಂಡಿಯನ್ನು ಎಫ್ 8ಕ್ಕೆ ಕಿರಿದು ಮಾಡಿ, ಫೋಕಸ್ ಅರ್ಧ ಮೀಟರ್ ಹತ್ತಿರ ನಿಲ್ಲಿಸಿ. ಹೆಚ್ಚುಕಡಿಮೆ ಒಂದು ಗೇಣು ದೂರದಿಂದ ಹಿಡಿದು ಆಚೆ ಕಾಣುವ ಕೊಡಚಾದ್ರಿಯ ತುದಿಯವರೆಗೂ ಎಲ್ಲ ಸ್ಪಷ್ಟವಾಗಿ ಬರುತ್ತದೆ. ಆಮೇಲೆ ಫೋಕಸ್ ರಿಂಗ್ ಮುಟ್ಟುವ ಕೆಲಸವೇ ಇಲ್ಲ. ಆಟೋಫೋಕಸ್ ಇರುವ ಕಂಪನಿ ಫಿಶ್‌ಐಗೆ ಇದರ ಹಲವು ಪಟ್ಟು ಬೆಲೆ. ವರ್ಷಕ್ಕೆ ನಾಲ್ಕು ಸಲ ಹೊರಗೆ ತೆಗೆಯುವ ಲೆನ್ಸಿಗೆ ಅಷ್ಟು ಸುರಿಯಬೇಡಿ.

ಆರಿಸುವಾಗ ಮೊದಲು ನೋಡಬೇಕಾದ್ದು ನಿಮ್ಮ ಕ್ಯಾಮೆರಾದ ಸೆನ್ಸರ್. ಕ್ರಾಪ್ ಸೆನ್ಸರ್ ಇರುವ ಡಿಎಸ್‌ಎಲ್‌ಆರ್, ಅಂದರೆ ಒಳಗೆ ಕನ್ನಡಿ ಇರುವ ಕ್ಯಾಮೆರಾ ಆದರೆ ಸಾಮ್ಯಾಂಗ್ 8 ಮಿಲಿಮೀಟರ್ ಎಫ್ 3.5 ಹಳೆಯ, ನಂಬಿಕೆಯ ಲೆನ್ಸ್. ಇದೇ ಲೆನ್ಸ್ ರೋಕಿನಾನ್ ಹೆಸರಲ್ಲೂ ಸಿಗುತ್ತದೆ. ನಿಕಾನ್‌ನಲ್ಲಿ ಇದು 180 ಡಿಗ್ರಿ ಅಗಲದ ನೋಟ ಕೊಟ್ಟರೆ, ಕ್ಯಾನನ್ ಸೆನ್ಸರ್ ಸ್ವಲ್ಪ ಚಿಕ್ಕದಾದ್ದರಿಂದ ಅಲ್ಲಿ 167 ಡಿಗ್ರಿ. ಕ್ರಾಪ್ ಸೆನ್ಸರಿನ ಮಿರರ್‌ಲೆಸ್, ಅಂದರೆ ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ ಇದ್ದವರಿಗೆ ಸೆವೆನ್ ಆರ್ಟಿಸಾನ್ಸ್ 7.5 ಮಿಲಿಮೀಟರ್ ಎಫ್ 2.8 ಇದೆ, ಟಿಟಿ ಆರ್ಟಿಸಾನ್‌ನ 7.5 ಇದೆ. ಸೆನ್ಸರ್ ದೊಡ್ಡದಿರುವ ಫುಲ್ ಫ್ರೇಮ್ ಕ್ಯಾಮೆರಾಕ್ಕೆ ಟಿಟಿ ಆರ್ಟಿಸಾನ್ 11 ಮಿಲಿಮೀಟರ್, ಇಲ್ಲವೇ ರಷ್ಯಾದ ಝೆನಿಟಾರ್ 16. ಈ ಝೆನಿಟಾರನ್ನು ಕ್ರಾಪ್ ಸೆನ್ಸರಿಗೆ ಹಾಕಿದರೆ ಅಂಚುಗಳೆಲ್ಲ ಕತ್ತರಿಸಿಹೋಗಿ ಫಿಶ್‌ಐ ಗುಣವೇ ಬಹಳಷ್ಟು ಕಳೆದುಹೋಗುತ್ತದೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಕಡಿಮೆಗೆ ಸಿಕ್ಕಿತು ಅಂತ ಸುಮ್ನೆ ತಗೊಳ್ಳಬೇಡಿ. ಮೈಕೆ 6.5 ಮಿಲಿಮೀಟರ್ ಕಪ್ಪು ಚೌಕಟ್ಟಿನ ನಡುವೆ ದುಂಡನೆಯ ಚಿತ್ರ ಕೊಡುತ್ತದೆ. ನನ್ನ ಮಟ್ಟಿಗೆ, ಮೊದಲ ಫಿಶ್‌ಐ ಆಗಿ ದುಂಡು ಚಿತ್ರದ್ದು ಬೇಡ. ಹತ್ತು ಫೋಟೋ ಆದ ಮೇಲೆ ಎಲ್ಲವೂ ಒಂದೇ ಥರ ಕಾಣತೊಡಗುತ್ತವೆ. ಇರುವ ಲೆನ್ಸಿನ ಮುಂದೆ ತಿರುಪಿ ಹಾಕುವ ಅಗ್ಗದ ಗಾಜಂತೂ ಬೇಡವೇ ಬೇಡ. ಅಂಚಿನಲ್ಲಿ ಎಲ್ಲ ಕಲಸಿಹೋಗುತ್ತದೆ.

ಇಂಥ ಲೆನ್ಸ್‌ಗಳಲ್ಲಿ ಹೆಚ್ಚಿನವಕ್ಕೆ ಕ್ಯಾಮೆರಾ ಜೊತೆ ವಿದ್ಯುತ್ ಸಂಪರ್ಕ ಇರುವುದಿಲ್ಲ. ಹಾಗಾಗಿ ಲೆನ್ಸೇ ಇಲ್ಲ ಅಂದುಕೊಂಡು ಕ್ಯಾಮೆರಾ ಕ್ಲಿಕ್ ಆಗದಿರಬಹುದು. ಮಿರರ್‌ಲೆಸ್‌ನಲ್ಲಿ ಲೆನ್ಸ್ ಇಲ್ಲದೆಯೂ ಕ್ಲಿಕ್ ಆಗಲಿ ಎಂಬ ಆಯ್ಕೆ ಮೆನುವಿನಲ್ಲಿದೆ. ಅದನ್ನು ಆನ್ ಮಾಡಿಕೊಳ್ಳಿ. ಲೆನ್ಸ್ ಕೆಟ್ಟಿದೆ ಅಂತ ವಾಪಸ್ ಕಳಿಸಲು ಹೊರಟವರನ್ನು ನೋಡಿದ್ದೇನೆ, ಇದೊಂದು ಆಯ್ಕೆ ಗೊತ್ತಿಲ್ಲದೆ. ನಿಕಾನ್‌ನ ಡಿ 3000, ಡಿ 5000 ಸಾಲಿನ ಕ್ಯಾಮೆರಾಗಳು, ತಮ್ಮ ಜೊತೆ ಮಾತಾಡುವ ಚಿಪ್ ಇಲ್ಲದ ಲೆನ್ಸಿಗೆ ಬೆಳಕಿನ ಅಳತೆ ತೋರಿಸುವುದಿಲ್ಲ. ಸಾಮ್ಯಾಂಗ್ ಚಿಪ್ ಇರುವುದನ್ನೂ ಮಾಡಿದೆ, ಅದನ್ನೇ ಕೇಳಿ ಪಡೆಯಿರಿ.

ಲೆನ್ಸ್ ಕೈಗೆ ಬಂದ ದಿನವೇ ಪರೀಕ್ಷೆ ಮಾಡಬೇಕು. ಅಗ್ಗದ ಲೆನ್ಸ್‌ಗಳಲ್ಲಿ ದೂರ ತೋರಿಸುವ ಗೆರೆಗಳು ಒಮ್ಮೊಮ್ಮೆ ಸುಳ್ಳು ಹೇಳುತ್ತವೆ. ದೂರದ ಗುಡ್ಡಕ್ಕೋ, ರಾತ್ರಿ ದೂರದ ದೀಪಕ್ಕೋ ಕ್ಯಾಮೆರಾ ಹಿಡಿದು, ಪರದೆಯ ಮೇಲೆ ಚಿತ್ರ ದೊಡ್ಡದು ಮಾಡಿ, ರಿಂಗನ್ನು ನಿಧಾನ ತಿರುಗಿಸಿ. ಯಾವ ಜಾಗದಲ್ಲಿ ದೀಪ ಅತಿ ಚಿಕ್ಕ ಚುಕ್ಕೆಯಾಗುತ್ತದೋ ಅಲ್ಲಿ ಒಂದು ಬಿಳಿ ಗುರುತು ಹಾಕಿಕೊಳ್ಳಿ. ಆಮೇಲೆ ಹೆಂಚಿನ ಮಾಡನ್ನೋ ಇಟ್ಟಿಗೆ ಗೋಡೆಯನ್ನೋ ತೆಗೆದು ಎಡ ಬಲ ಮೂಲೆಗಳನ್ನು ಹೋಲಿಸಿ. ಒಂದು ಚೂಪಾಗಿ ಇನ್ನೊಂದು ಮಸುಕಾಗಿದ್ದರೆ ಗಾಜು ಓರೆ ಕೂತಿದೆ ಅಂತಲೇ. ಬದಲಾಯಿಸಿಕೊಳ್ಳಿ. ಹಳೆಯದನ್ನು ಕೊಳ್ಳುವವರು ಒಂದು ಬದಿಯಿಂದ ಟಾರ್ಚ್ ಬಿಟ್ಟು ಇನ್ನೊಂದು ಬದಿಯಿಂದ ನೋಡಲೇಬೇಕು. ಜೇಡರ ಬಲೆಯ ಹಾಗೆ ಎಳೆಗಳು ಕಂಡರೆ ಅದು ಫಂಗಸ್. ನಮ್ಮ ಮಳೆಗಾಲದಲ್ಲಿ ಅದು ಇನ್ನೂ ಬೆಳೆಯುತ್ತದೆ. ಹೊಸ ಲೆನ್ಸನ್ನೂ ಗಾಳಿಯಾಡದ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಜೊತೆಗೇ ಇಡಿ.

ಇನ್ನು ತೆಗೆಯುವುದು. ಹೊಸದಾಗಿ ಕೊಂಡವರು ಮೊದಲು ಓಡುವುದು ಜೋಗಕ್ಕೆ. ಅಲ್ಲಿ ಎದುರಿನ ಕಟ್ಟೆಯ ಮೇಲೆ ನಿಂತು ತೆಗೆದರೆ 253 ಮೀಟರ್ ಎತ್ತರದ ಜಲಪಾತ ಒಂದು ಸಣ್ಣ ಬಿಳಿ ಗೆರೆಯಾಗಿ ಕೂತಿರುತ್ತದೆ. ಈ ಲೆನ್ಸ್ ದೂರದ್ದನ್ನೆಲ್ಲ ಕುಗ್ಗಿಸುತ್ತದೆ, ಮೂತಿಗೆ ತಾಗುವಷ್ಟು ಹತ್ತಿರ ಇರುವುದನ್ನು ಹಿಗ್ಗಿಸುತ್ತದೆ. ಹಾಗಾಗಿ ಹತ್ತಿರ ಹೋಗಲು ಸಾಧ್ಯವಿರುವ ಜಾಗ ಹುಡುಕಬೇಕು.

ನನಗೆ ಇಷ್ಟವಾದ ಜಾಗ ಅಡಿಕೆ ಸುಲಿಯುವ ಮನೆ. ರಾತ್ರಿ ದೀಪದ ಕೆಳಗೆ ಎಂಟು ಹತ್ತು ಜನ ಮೆಟ್ಟುಗತ್ತಿ ಇಟ್ಟುಕೊಂಡು ಕೂತಿರುತ್ತಾರೆ. ಅನುಮತಿ ಕೇಳಿ ಅವರ ನಡುವೆಯೇ ನೆಲದ ಮೇಲೆ ಕೂತುಕೊಳ್ಳಿ. ಒಬ್ಬರ ಕೈಯ ಹತ್ತಿರ, ಕತ್ತಿ ತಾಗದಷ್ಟು ದೂರದಲ್ಲಿ ಕ್ಯಾಮೆರಾ ಹಿಡಿಯಿರಿ. ಕತ್ತಿಯ ಬಾಯಿ, ಹಸಿ ಸಿಪ್ಪೆಗೆ ಕಂದಿದ ಬೆರಳುಗಳು ಮುಂದೆ ದೊಡ್ಡದಾಗಿ ಬರುತ್ತವೆ. ಹಿಂದೆ ಇಡೀ ಸಾಲು, ಅಡಿಕೆ ರಾಶಿ, ಮಾಡಿನ ಜಂತಿ, ಬಾಗಿಲಲ್ಲಿ ನಿಂತ ಮಗು, ಎಲ್ಲವೂ ಒಂದೇ ಚಿತ್ರದಲ್ಲಿರುತ್ತವೆ. ಬೇರೆ ಯಾವ ಲೆನ್ಸೂ ಇಷ್ಟನ್ನು ಆ ಇಕ್ಕಟ್ಟಿನಲ್ಲಿ ಹಿಡಿಯಲಾರದು. ಬೆಳಕು ಕಡಿಮೆ ಇರುವುದರಿಂದ ಇಲ್ಲಿ ಎಫ್ 8 ನಡೆಯುವುದಿಲ್ಲ. ಎಫ್ 2.8ಕ್ಕೋ 3.5ಕ್ಕೋ ಕಿಂಡಿ ತೆರೆದರೆ ಸ್ಪಷ್ಟವಾಗಿ ಬರುವ ಜಾಗ ಕಡಿಮೆಯಾಗುತ್ತದೆ, ಆಗ ಬೆರಳಿನ ಮೇಲೆಯೇ ಫೋಕಸ್ ಇಡಿ. ಮುಖಗಳನ್ನು ಮಾತ್ರ ಅಂಚಿಗೆ ತರಬೇಡಿ. ಅಂಚಿನ ಮುಖ ಎಳೆದಂತಾಗುತ್ತದೆ, ಕೆಲಸ ಮಾಡುವವರಿಗೆ ಅದು ಮರ್ಯಾದೆ ಅಲ್ಲ.

ಗೆರೆಗಳು ಬಾಗುವ ಬಗೆ ಗೊತ್ತಿರಲಿ. ಚಿತ್ರದ ನಟ್ಟನಡುವೆ ಹಾದುಹೋಗುವ ಗೆರೆ ನೆಟ್ಟಗೇ ಇರುತ್ತದೆ. ಹೊನ್ನೇಮರಡು ಹಿನ್ನೀರಿನ ಅಂಚನ್ನು ನಡುವೆ ಇಟ್ಟರೆ ನೇರ, ಮೇಲೆ ಇಟ್ಟರೆ ದಿಬ್ಬ, ಕೆಳಗೆ ಇಟ್ಟರೆ ತಗ್ಗು. ಅಡಿಕೆ ತೋಟದಲ್ಲಿ ಕ್ಯಾಮೆರಾವನ್ನು ನೇರ ಆಕಾಶಕ್ಕೆ ಹಿಡಿದರೆ ಮರಗಳು ಬಾಗುವುದೇ ಇಲ್ಲ, ಎಲ್ಲ ಕಡೆಯಿಂದ ನೆಟ್ಟಗೆ ನಡುವಿಗೆ ಬಂದು ಸೇರುತ್ತವೆ. ಸ್ವಲ್ಪ ಓರೆ ಹಿಡಿಯಿರಿ, ಆಗ ಬಿಲ್ಲಾಗುತ್ತವೆ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಕಂಬಗಳ ನಡುವೆ, ಕುಪ್ಪಳಿಯ ಕವಿಶೈಲದ ಕಲ್ಲುಗಳ ಒಳಗೆ ನಿಂತು ಇದನ್ನೇ ಮಾಡಿ ನೋಡಿ. ಕ್ಲಿಕ್ ಮಾಡುವ ಮುಂಚೆ ಕೆಳಗಿನ ಅಂಚು ನೋಡಿಕೊಳ್ಳಿ. ನಿಮ್ಮ ಪಾದ, ಬೆರಳು, ನೆರಳು ಅಲ್ಲಿ ಬಂದಿರುತ್ತದೆ. ಮುಂದಿನ ಗಾಜು ಉಬ್ಬಿರುವುದರಿಂದ ಫಿಲ್ಟರ್ ಹಾಕಲು ಆಗುವುದಿಲ್ಲ, ಮಳೆಹನಿ ನೇರ ಅದರ ಮೇಲೇ ಕೂರುತ್ತದೆ. ಜೇಬಿನಲ್ಲಿ ಮೆತ್ತನೆ ಬಟ್ಟೆ ಇರಲಿ.

ಒಬ್ಬರೇ ಕೊಳ್ಳಲು ಮನಸ್ಸು ಬರದಿದ್ದರೆ ಒಂದೇ ಮೌಂಟಿನ, ಅಂದರೆ ಒಂದೇ ಬಗೆಯ ಲೆನ್ಸ್ ಕೂರುವ ಕ್ಯಾಮೆರಾ ಇರುವ ಇಬ್ಬರು ಮೂವರು ಗೆಳೆಯರು ಸೇರಿ ಒಂದು ತಗೊಳ್ಳಿ. ಮದುವೆ ಫೋಟೋ ತೆಗೆಯುವವರ ಹತ್ತಿರವೂ ಕೇಳಿ ನೋಡಿ, ಒಂದು ಭಾನುವಾರದ ಮಟ್ಟಿಗೆ ಕೊಟ್ಟರೂ ಕೊಟ್ಟಾರು. ನಮಸ್ಕಾರ.